ಬಾಣಲೆ ಹೊತ್ತಿದರೆ ಒಲೆಯ ತಪ್ಪೇ?

ಒಲೆಯ ಮೇಲೆ ಎಣ್ಣೆಯ ಬಾಣಲೆ ಇಟ್ಟವರು ಬೆಲ್ ಆಯಿತೆಂದು ಬಾಗಿಲಿಗೆ ಹೋದರು, ಅಲ್ಲೇ ಮಾತಿಗೆ ನಿಂತರು. ಎಣ್ಣೆ ಕಾದು ಕಾದು ತಾನಾಗಿ ಹೊತ್ತಿಕೊಂಡಿತು. ಜ್ವಾಲೆ ಮೇಲಿದ್ದ ಮರದ ಕಪಾಟಿಗೆ ತಗುಲಿತು. ಫೈರ್ ಎಂಜಿನ್ ಬಂತು, ಬೆಂಕಿ ಆರಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಈಗ ವರದಿಯ ಫಾರಂ ಮುಂದಿದೆ. ‘ಬೆಂಕಿಗೆ ಕಾರಣ’ ಎಂಬ ಕಲಂನಲ್ಲಿ ಆರು ಚೌಕಗಳಿವೆ: ಬೇಕೆಂದೇ ಹಚ್ಚಿದ್ದು, ಉದ್ದೇಶವಿಲ್ಲದೆ ಆದದ್ದು, ಉಪಕರಣ ಕೈಕೊಟ್ಟದ್ದು, ಪ್ರಕೃತಿಯ ಕೆಲಸ, ತನಿಖೆಯಲ್ಲಿದೆ, ತನಿಖೆಯ ನಂತರವೂ ಗೊತ್ತಾಗಲಿಲ್ಲ. ಎಲ್ಲಿ ಗುರುತು ಹಾಕುತ್ತೀರಿ?

ಅಮೆರಿಕದಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ವರದಿ ಬರೆಯುವುದನ್ನು ಕಲಿಸುವವರಿಗೆ ಇದು ಹೇಳಿಮಾಡಿಸಿದ ಪ್ರಶ್ನೆ. ‘ಉಪಕರಣ ಕೈಕೊಟ್ಟದ್ದು’ ಎಂಬ ಉತ್ತರ ಥಟ್ಟನೆ ನಾಲಿಗೆಗೆ ಬರುತ್ತದೆ, ಬೆಂಕಿ ಬಂದದ್ದು ಒಲೆಯಿಂದಲೇ ಅಲ್ಲವೇ? ಆದರೆ ಒಲೆ ಕೆಟ್ಟಿರಲಿಲ್ಲ. ಕಾಯಿಸು ಎಂದರು, ಕಾಯಿಸಿತು. ಮರೆತದ್ದು ಮನುಷ್ಯ. ಆದ್ದರಿಂದ ಸರಿಯಾದ ಚೌಕ ಎರಡನೆಯದು. ಮೂರನೆಯದಕ್ಕೆ ಗುರುತು ಬಿದ್ದರೆ ಆ ಮನೆಯವರಿಗೇನೂ ನಷ್ಟವಿಲ್ಲ. ಇಂಥ ಸಾವಿರಾರು ಗುರುತುಗಳು ಒಂದೆಡೆ ಸೇರಿದಾಗ ಮಾತ್ರ ಅನಾಹುತ. ಲೆಕ್ಕ ಹಾಕುವವರ ಕೋಷ್ಟಕದಲ್ಲಿ ಒಲೆಗಳು ದೋಷಿಗಳಾಗುತ್ತವೆ, ಅಡುಗೆಮನೆ ಬಿಟ್ಟು ಹೋಗುವ ಅಭ್ಯಾಸ ತಪ್ಪಿಸಿಕೊಳ್ಳುತ್ತದೆ.

ಈ ಫಾರಂನ ಹಿಂದಿರುವ ವ್ಯವಸ್ಥೆಯ ಹೆಸರು ನ್ಯಾಷನಲ್ ಫೈರ್ ಇನ್ಸಿಡೆಂಟ್ ರಿಪೋರ್ಟಿಂಗ್ ಸಿಸ್ಟಮ್. ಅಲ್ಲಿನ ಠಾಣೆಗಳಲ್ಲಿ ಎಲ್ಲರೂ ಅದನ್ನು ‘ಎನ್‌ಫರ್ಸ್’ ಎಂದೇ ಕರೆಯುತ್ತ ಬಂದಿದ್ದಾರೆ. ಅದು ಹುಟ್ಟಿದ್ದು ಒಂದು ಮುಜುಗರದಿಂದ. 1973ರಲ್ಲಿ ರಾಷ್ಟ್ರೀಯ ಆಯೋಗವೊಂದು ‘ಅಮೆರಿಕ ಬರ್ನಿಂಗ್’ ಎಂಬ ವರದಿ ಕೊಟ್ಟಿತು. ಜಗತ್ತಿನ ಅತಿ ಸಿರಿವಂತ ದೇಶದಲ್ಲಿ ವರ್ಷಕ್ಕೆ ಸುಮಾರು 12,000 ಮಂದಿ ಬೆಂಕಿಗೆ ಸಿಕ್ಕಿ ಸಾಯುತ್ತಿದ್ದಾರೆ ಎಂದು ಅದು ಹೇಳಿತು. ಆದರೆ ಆ ಸಂಖ್ಯೆಯೇ ಒಂದು ಅಂದಾಜು. ಕೆಲವೇ ವರ್ಷಗಳಲ್ಲಿ, 1977ಕ್ಕೆ, ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ (ಎನ್‌ಎಫ್‌ಪಿಎ) ಠಾಣೆಗಳ ಸಮೀಕ್ಷೆಯಿಂದ ತೆಗೆದ ಲೆಕ್ಕದಲ್ಲಿ ನಾಗರಿಕರ ಸಾವು 7,400ರ ಆಸುಪಾಸಿನಲ್ಲಿತ್ತು. ಚಂದ್ರನ ಮೇಲೆ ಕಾಲಿಟ್ಟು ಬಂದಿದ್ದ ದೇಶಕ್ಕೆ ತನ್ನ ಮನೆಗಳಲ್ಲಿ ಎಷ್ಟು ಜನ ಸುಟ್ಟು ಸಾಯುತ್ತಿದ್ದಾರೆ ಎಂಬುದೇ ನೆಟ್ಟಗೆ ಗೊತ್ತಿರಲಿಲ್ಲ! ಪ್ರತಿ ಊರಿನ ಠಾಣೆಗೂ ಅದರದೇ ದಫ್ತರ, ಅದರದೇ ಭಾಷೆ. 1974ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆಯಿಂದ ಬೆಂಕಿಯ ವಿಷಯಕ್ಕೇ ಒಂದು ಕೇಂದ್ರ ಇಲಾಖೆ ಬಂತು, ಅದರ ಬೆನ್ನಿಗೆ ಈ ವರದಿ ವ್ಯವಸ್ಥೆ. 1999ರ ಜನವರಿಯಲ್ಲಿ ಅದರ ಐದನೇ ಆವೃತ್ತಿ ಜಾರಿಯಾಯಿತು. ಕಾಲು ಶತಮಾನ ಅಮೆರಿಕದ ಫೈರ್‌ಮನ್‌ಗಳು ಬೈದುಕೊಳ್ಳುತ್ತ ತುಂಬಿದ್ದು ಇದನ್ನೇ.

ಬೈಗುಳಕ್ಕೆ ಕಾರಣವಿದೆ. ಹನ್ನೊಂದು ಭಾಗಗಳ ಫಾರಂ ಅದು. ಎಲ್ಲ ಕರೆಗೂ ಬೇಕಾದ ಮೂಲ ಭಾಗ ಒಂದು. ಬೆಂಕಿಯಾದರೆ ಎರಡನೆಯದು, ಕಟ್ಟಡದ ಬೆಂಕಿಯಾದರೆ ಮೂರನೆಯದು, ನಾಗರಿಕರು ಗಾಯಗೊಂಡರೆ ಒಂದು, ಸಿಬ್ಬಂದಿ ಗಾಯಗೊಂಡರೆ ಇನ್ನೊಂದು, ಕಾಡ್ಗಿಚ್ಚಿಗೆ, ರಾಸಾಯನಿಕಕ್ಕೆ, ಕಿಡಿಗೇಡಿ ಕೃತ್ಯಕ್ಕೆ ಬೇರೆ ಬೇರೆ. ಘಟನೆಯ ಬಗೆಗೆ ಮೂರಂಕಿಯ ಕೋಡ್: ಕಟ್ಟಡದ ಬೆಂಕಿ 111, ಕಾರಿನ ಬೆಂಕಿ 131, ದಾರಿಯಲ್ಲೇ ‘ಬರಬೇಡಿ’ ಎಂದು ವಾಪಸ್ ಕಳುಹಿಸಿದರೆ 611. ಕೋಡ್‌ಗಳನ್ನು ವಿವರಿಸುವ ಕೈಪಿಡಿ ನೂರಾರು ಪುಟಗಳದ್ದು. ಇದನ್ನು ತುಂಬುವವರು ಯಾರು ಎಂದರೆ, ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಹಗಲು ಬಡಗಿ, ಶಿಕ್ಷಕಿ, ಟ್ರ್ಯಾಕ್ಟರ್ ಮೆಕ್ಯಾನಿಕ್, ಪೇಜರ್ ಕೂಗಿದಾಗ ಫೈರ್‌ಮನ್. ಬೆಳಗಿನ ಜಾವ ಮೂರಕ್ಕೆ ಮಸಿ ಮೆತ್ತಿಕೊಂಡು ಠಾಣೆಗೆ ಬಂದು, ಪೈಪು ಒಣಹಾಕಿ, ಆರಕ್ಕೆ ಮತ್ತೆ ಕೆಲಸಕ್ಕೆ ಹೋಗಬೇಕಾದವರ ಮುಂದೆ ಕಂಪ್ಯೂಟರ್ ಕೇಳುತ್ತದೆ: ಮೊದಲು ಹೊತ್ತಿಕೊಂಡ ವಸ್ತು ಯಾವುದು?

ಇದನ್ನು ಕಲಿಸಲೇಬೇಕೆಂದು ನಿಯಮವೂ ಇದೆ. ಅಗ್ನಿಶಾಮಕರ ಅರ್ಹತೆಗೆ ಅಳತೆಗೋಲಾದ ಎನ್‌ಎಫ್‌ಪಿಎ ಮಾನದಂಡದಲ್ಲಿ ಎರಡನೇ ಹಂತದ ಫೈರ್‌ಫೈಟರ್ ಮೂಲ ಘಟನಾ ವರದಿಯನ್ನು ಸರಿಯಾಗಿ, ಪೂರ್ತಿಯಾಗಿ ತುಂಬಿ ತೋರಿಸಬೇಕು. ಏಣಿ ಹತ್ತುವುದು, ನೀರು ಹಾಯಿಸುವುದು, ಗಾಯಾಳುವನ್ನು ಎಳೆದು ತರುವುದು ಇರುವ ಪಟ್ಟಿಯಲ್ಲೇ ಇದಕ್ಕೂ ಜಾಗ. ಮೇರಿಲ್ಯಾಂಡ್‌ನ ಎಮಿಟ್ಸ್‌ಬರ್ಗ್‌ನಲ್ಲಿರುವ ನ್ಯಾಷನಲ್ ಫೈರ್ ಅಕಾಡೆಮಿ ಇದಕ್ಕೆಂದೇ ಕೋರ್ಸ್‌ಗಳನ್ನು ನಡೆಸುತ್ತ ಬಂತು, ಮನೆಯಲ್ಲೇ ಕೂತು ಓದುವವರಿಗೂ ಒಂದನ್ನು ಸಿದ್ಧಪಡಿಸಿತು. ಅಕಾಡೆಮಿಯಲ್ಲಿ ಏನೇ ಕಲಿಸಲಿ, ಠಾಣೆಯಲ್ಲಿ ಹೊಸಬನಿಗೆ ಸಿಗುವ ಮೊದಲ ಪಾಠ ಬೇರೆಯದೇ: ‘ಹೋದ ಸಲದ್ದನ್ನು ನೋಡಿಕೊಂಡು ಹಾಗೇ ಹಾಕು’. ಸರ್ಕಾರಿ ಕಾಗದ ಕಂಡ ನಮಗೆ ಈ ಪಾಠದ ಪರಿಚಯ ಬೇಕಿಲ್ಲ.

ಸುಲಭದ ಕೋಡ್

ತಪ್ಪುಗಳಲ್ಲಿ ಕೆಲವು ಬರೀ ಕೈತಪ್ಪು. ರಾತ್ರಿ 11.58ಕ್ಕೆ ಕರೆ, 12.04ಕ್ಕೆ ಸ್ಥಳಕ್ಕೆ. ತಾರೀಖು ಬದಲಿಸಲು ಮರೆತರೆ ಕರೆ ಬರುವ ಮೊದಲೇ ವಾಹನ ತಲುಪಿರುತ್ತದೆ. ನಷ್ಟದ ಕಲಂನಲ್ಲಿ ಸೊನ್ನೆಗೂ ಖಾಲಿಗೂ ವ್ಯತ್ಯಾಸವಿದೆ, ಒಂದು ‘ನಷ್ಟವಿಲ್ಲ’, ಇನ್ನೊಂದು ‘ಗೊತ್ತಿಲ್ಲ’. ಪಕ್ಕದೂರಿನ ದಳ ನೆರವಿಗೆ ಬಂದಿದ್ದರೆ ನೆರವು ಕೊಟ್ಟವರೂ ಪಡೆದವರೂ ವರದಿ ಬರೆಯುತ್ತಾರೆ. ನೆರವಿನ ಚೌಕ ಬಿಟ್ಟುಹೋದರೆ ಒಂದೇ ಬೆಂಕಿ ಎರಡಾಗಿ ಎಣಿಕೆಯಾಗುತ್ತದೆ. ಇವನ್ನು ತಂತ್ರಾಂಶವೋ, ವರದಿ ನೋಡುವ ಮೇಲಧಿಕಾರಿಯೋ ಹಿಡಿಯಬಹುದು.

ಇನ್ನೊಂದು ಬಗೆಯ ತಪ್ಪನ್ನು ಹಿಡಿಯುವುದು ಕಷ್ಟ, ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಫಾರಂ ಕೇಳುವುದು ಸ್ಥಳಕ್ಕೆ ಹೋದಾಗ ಕಂಡದ್ದೇನು ಎಂದು. ಕರೆಯಲ್ಲಿ ‘ಮನೆಗೆ ಬೆಂಕಿ’ ಎಂದಿರುತ್ತದೆ, ಹೋಗಿ ನೋಡಿದರೆ ಟೋಸ್ಟರ್‌ನಲ್ಲಿ ಕರಕಲಾದ ಬ್ರೆಡ್ಡಿನ ಹೊಗೆ. ಆದರೂ ಕರೆಯಲ್ಲಿದ್ದ ಮಾತೇ ವರದಿಗೆ ಇಳಿದರೆ ದೇಶದ ಲೆಕ್ಕದಲ್ಲಿ ಇಲ್ಲದ ಮನೆಯೊಂದು ಸುಟ್ಟಿರುತ್ತದೆ.

ಎಲ್ಲಕ್ಕಿಂತ ಜಾಣತನದ ತಪ್ಪು 113ನೇ ಕೋಡ್‌ನದು. ಅಡುಗೆಯ ಬೆಂಕಿ ಪಾತ್ರೆಯೊಳಗೇ ಉಳಿದು ಆಚೆ ಹಬ್ಬದಿದ್ದರೆ 113. ಕಸದ ಡಬ್ಬಿಯೊಳಗೇ ಆರಿದರೆ 118. ಇಂಥ ಸಣ್ಣ ಬೆಂಕಿಗೆ ಇಡೀ ಫಾರಂ ತುಂಬಿಸುವುದು ಹಿಂಸೆಯೆಂದು, ಮೂಲ ಭಾಗ ಸಾಕು ಎಂಬ ರಿಯಾಯಿತಿಯನ್ನು ಐದನೇ ಆವೃತ್ತಿ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ 111 ಒತ್ತಿದರೆ ಇನ್ನೂ ಎರಡು ಭಾಗಗಳು ಬಾಯಿ ತೆರೆಯುತ್ತವೆ, 113 ಒತ್ತಿದರೆ ಮನೆಗೆ ಹೋಗಬಹುದು ಎಂದ ಮೇಲೆ ನಿದ್ದೆಗಣ್ಣಿನ ಬೆರಳು ಎತ್ತ ಹೋಗುತ್ತದೆ? ಮೊದಲು ಹೇಳಿದ ಬಾಣಲೆಯನ್ನೇ ತೆಗೆದುಕೊಳ್ಳಿ. ಕಪಾಟಿಗೆ ತಗುಲಿದ ಕ್ಷಣ ಅದು 111. ‘ಕಪಾಟು ತಾನೇ, ಚೂರು ಕಪ್ಪಾಗಿದೆ ಅಷ್ಟೆ’ ಎಂದುಕೊಂಡು 113 ಒತ್ತಿದರೆ ಕಾರಣದ ಆ ಆರು ಚೌಕಗಳನ್ನು ತುಂಬಲೇಬೇಕೆಂಬ ಕಟ್ಟುಪಾಡೇ ಇಲ್ಲ. ಅಡುಗೆಯವರು ಅಲ್ಲಿದ್ದರೋ ಇಲ್ಲವೋ, ಹೊಗೆಯ ಅಲಾರಂ ಕೂಗಿತೋ ಇಲ್ಲವೋ, ಎಲ್ಲಕ್ಕೂ ಅದೇ ಗತಿ. ಇದನ್ನು ಬರೀ ಸಿಬ್ಬಂದಿಯ ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ನಿಜ ಹೇಳಿದವನಿಗೆ ಅರ್ಧ ಗಂಟೆ ಹೆಚ್ಚು ಕೆಲಸ ಕೊಡುವ ಫಾರಂ ಮಾಡಿದವರ ಪಾಲೂ ಇದರಲ್ಲಿದೆ. ಒಳ್ಳೆಯ ತರಬೇತಿಯಲ್ಲಿ ಕೋಡ್ ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚಿನ ಹೊತ್ತು, ತುಂಬಿದ ಫಾರಂ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವುದಕ್ಕೆ ಹೋಗಬೇಕು.

ಎಲ್ಲಿಗೆ ಹೋಗುತ್ತದೆ? ಕಟ್ಟಡದ ಬೆಂಕಿಯ ಭಾಗದಲ್ಲಿ ಹೊಗೆಯ ಅಲಾರಂಗೇ ಒಂದು ಗುಂಪು ಪ್ರಶ್ನೆಗಳಿವೆ. ಇತ್ತೇ? ಯಾವ ಬಗೆಯದು? ವಿದ್ಯುತ್ತೇ, ಬ್ಯಾಟರಿಯೇ? ಕೂಗಿತೇ? ಕೂಗದಿದ್ದರೆ ಏಕೆ? ಈ ಕೊನೆಯ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳಲ್ಲಿ ‘ಬ್ಯಾಟರಿ ಮುಗಿದಿತ್ತು’ ಒಂದು, ‘ಬ್ಯಾಟರಿ ಇರಲಿಲ್ಲ ಅಥವಾ ಬಿಚ್ಚಿತ್ತು’ ಇನ್ನೊಂದು. ಅವಸರದಲ್ಲಿದ್ದವನಿಗೆ ಎರಡೂ ಒಂದೇ, ಅಲಾರಂ ಸತ್ತಿತ್ತು ಅಷ್ಟೆ. ಆದರೆ ಮುಗಿದ ಬ್ಯಾಟರಿ ಎಂದರೆ ಮರೆವು, ಅದಕ್ಕೆ ನೆನಪಿಸಿದರೆ ಸಾಕು. ಬಿಚ್ಚಿದ ಬ್ಯಾಟರಿ ಎಂದರೆ ಸಿಟ್ಟು. ಒಗ್ಗರಣೆಯ ಹೊಗೆಗೂ ಅಲಾರಂ ಅರಚುತ್ತದೆಂದು ಕಿತ್ತು ಹಾಕಿದವರಿಗೆ ನೆನಪಿಸಿ ಏನು ಪ್ರಯೋಜನ? (ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮೆಣಸಿನಕಾಯಿ ಹುರಿಯುವಾಗ ಒಬ್ಬರು ಅಲಾರಂ ಕೆಳಗೆ ಟವೆಲ್ ಬೀಸುತ್ತ ನಿಲ್ಲುವುದು ಗೊತ್ತಿದ್ದದ್ದೇ.) ಅಲ್ಲಿ ಅಲಾರಂ ಇಡುವ ಜಾಗ ಬದಲಾಗಬೇಕು, ಅಥವಾ ಬಿಚ್ಚಲಾಗದಂಥ ಬ್ಯಾಟರಿ ಬೇಕು. ಹತ್ತು ವರ್ಷ ಬಾಳುವ, ತೆಗೆಯಲು ಬಾರದ ಬ್ಯಾಟರಿಯ ಅಲಾರಂಗಳನ್ನು ಕೆಲವು ರಾಜ್ಯಗಳು ಕಾನೂನಿನಲ್ಲೇ ಸೇರಿಸಿದವು. ಮನೆ ಬೆಂಕಿಯ ಸಾವುಗಳಲ್ಲಿ ಐದರಲ್ಲಿ ಸುಮಾರು ಮೂರು ಅಲಾರಂ ಇಲ್ಲದ ಇಲ್ಲವೇ ಕೆಲಸ ಮಾಡದ ಮನೆಗಳಲ್ಲಾಗುತ್ತವೆ ಎಂದು ಎನ್‌ಎಫ್‌ಪಿಎ ಹೇಳುತ್ತ ಬಂದಿದೆಯಲ್ಲ, ಆ ಮಾತಿನ ಕಚ್ಚಾ ಸರಕು ಠಾಣೆಗಳಲ್ಲಿ ಯಾರೋ ಹಾಕಿದ ಈ ಗುರುತುಗಳೇ.

ವರ್ಷದಲ್ಲಿ ಅಡುಗೆಯ ಬೆಂಕಿ ಅತಿ ಹೆಚ್ಚಾಗುವ ದಿನ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಎಂದು ಗೊತ್ತಾದದ್ದೂ ಹೀಗೆ, ತಾರೀಖು ಮತ್ತು ಕಾರಣದ ಕಲಂಗಳನ್ನು ಕೂಡಿಸಿ ನೋಡಿ. ಪುಟ್ಟ ಮಕ್ಕಳು ಲೈಟರ್ ಹಿಡಿದು ಆಡುವಾಗ ಬೆಂಕಿ ಬೀಳುತ್ತದೆಂದು ವರದಿಗಳು ಹೇಳುತ್ತಿದ್ದವು. 1994ರಿಂದ ಅಮೆರಿಕದಲ್ಲಿ ಮಕ್ಕಳ ಬೆರಳಿಗೆ ಸುಲಭಕ್ಕೆ ಹೊತ್ತದ ಲೈಟರ್ ಕಡ್ಡಾಯವಾಯಿತು, ಐದು ವರ್ಷದೊಳಗಿನವರಿಂದಾಗುವ ಅಂಥ ಬೆಂಕಿಗಳು ಇಳಿದವು. ಇಳಿದದ್ದು ಗೊತ್ತಾಗಬೇಕಾದರೂ ‘ಆಡುತ್ತಿದ್ದವರ ವಯಸ್ಸು’ ಎಂಬ ಕಲಂ ಖಾಲಿ ಬಿಡದವರು ಬೇಕಿತ್ತು.

ಕಂಡದ್ದು, ಊಹಿಸಿದ್ದು

ಕೋಡ್‌ಗಳ ಕೊನೆಗೆ ಷರಾ ಬರೆಯುವ ಜಾಗವಿದೆ. ಏನಾಯಿತೆಂದು ನಮ್ಮ ಮಾತಿನಲ್ಲಿ ಬರೆಯಬೇಕು. ತರಬೇತಿಯ ಕಷ್ಟದ ಭಾಗ ಇದೇ ಎಂದು ನನ್ನ ಎಣಿಕೆ. ಬೆಂಕಿ ಆರಿಸಿ ಬಂದವರಿಗೆ ತಾವು ಕಂಡದ್ದಕ್ಕಿಂತ ತಮಗೆ ಅನಿಸಿದ್ದನ್ನು ಹೇಳುವ ಹುಮ್ಮಸ್ಸು ಹೆಚ್ಚು, ಅನುಭವಸ್ಥರಿಗಂತೂ ಇನ್ನೂ ಹೆಚ್ಚು. ‘ಮನೆಯವನು ಗಾಬರಿಯಾದಂತೆ ಕಾಣಲಿಲ್ಲ’ ಎಂಬುದು ಅನಿಸಿಕೆ. ‘ಮನೆಯವನು ರಸ್ತೆಯ ಆಚೆ ಕಾರಿಗೆ ಒರಗಿ ನಿಂತಿದ್ದ’ ಎಂಬುದು ಕಂಡದ್ದು. ಈ ವರದಿಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳು. ವಿಮೆಯವರು ಕೇಳಿ ಪಡೆಯುತ್ತಾರೆ, ವಕೀಲರು ವರ್ಷಗಳ ನಂತರ ನ್ಯಾಯಾಲಯದಲ್ಲಿ ಸಾಲು ಸಾಲಾಗಿ ಓದಿ ಪ್ರಶ್ನಿಸುತ್ತಾರೆ.

ಅನಿಸಿದ್ದು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಗಾಜಿನ ಕಥೆಯೊಂದಿದೆ. ಸುಟ್ಟ ಮನೆಯ ಕಿಟಕಿಗಾಜಿನಲ್ಲಿ ಜೇಡರಬಲೆಯಂಥ ಸಣ್ಣ ಸಣ್ಣ ಬಿರುಕುಗಳಿದ್ದರೆ ಅಲ್ಲಿ ಪೆಟ್ರೋಲಿನಂಥದ್ದನ್ನು ಸುರಿದು ಹಚ್ಚಿದ್ದಾರೆ, ಅದಕ್ಕೇ ಶಾಖ ಒಮ್ಮೆಲೇ ಏರಿದೆ ಎಂದು ತನಿಖಾಧಿಕಾರಿಗಳು ದಶಕಗಳ ಕಾಲ ನಂಬಿದ್ದರು. ಗುರುವಿನಿಂದ ಶಿಷ್ಯನಿಗೆ, ಪಠ್ಯದಿಂದ ಪಠ್ಯಕ್ಕೆ ಇದು ದಾಟಿಕೊಂಡು ಬಂತು. 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳ ಮೇಲೆ ಕಾಡ್ಗಿಚ್ಚು ಹಾಯ್ದು ಸಾವಿರಾರು ಮನೆಗಳು ಬೂದಿಯಾದವು, 25 ಮಂದಿ ಸತ್ತರು. ಯಾರೂ ಪೆಟ್ರೋಲ್ ಸುರಿಯದೆ ಸುಟ್ಟ ಇಷ್ಟು ಮನೆಗಳು ಒಟ್ಟಿಗೆ ಸಿಕ್ಕಿದ್ದರಿಂದ ಮೂವರು ತಜ್ಞರು 50 ಮನೆಗಳ ಅವಶೇಷ ಹುಡುಕಿದರು. ಹಲವು ಮನೆಗಳಲ್ಲಿ ಅದೇ ಜೇಡರಬಲೆ ಬಿರುಕು! ಆಮೇಲೆ ಪ್ರಯೋಗ ಮಾಡಿ ನೋಡಿದಾಗ, ಬಿಸಿ ಗಾಜಿನ ಮೇಲೆ ತಣ್ಣೀರು ಬಿದ್ದರೆ ಹಾಗಾಗುತ್ತದೆಂದು ಗೊತ್ತಾಯಿತು. ಅಂದರೆ ಬೆಂಕಿ ಆರಿಸಲು ಹಾಯಿಸಿದ ನೀರೇ ಆ ಗುರುತನ್ನು ಮಾಡಿರಬಹುದು.

ಅದೇ 1991ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಕಾರ್ಸಿಕಾನಾದಲ್ಲಿ ಮನೆಯೊಂದು ಸುಟ್ಟು ಮೂರು ಮಕ್ಕಳು ಸತ್ತವು. ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್‌ನೇ ಬೆಂಕಿ ಹಚ್ಚಿದ್ದೆಂದು ತೀರ್ಮಾನವಾಯಿತು. ಮುಂದಿಟ್ಟ ಕುರುಹುಗಳಲ್ಲಿ ಬಿರುಕುಬಿಟ್ಟ ಗಾಜೂ ಒಂದು. 2004ರ ಫೆಬ್ರುವರಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ಕುರುಹುಗಳಿಗೆ ವಿಜ್ಞಾನದ ಆಧಾರವಿಲ್ಲ ಎಂದು ಬೆಂಕಿ ತಜ್ಞರು ಒಬ್ಬರ ಮೇಲೊಬ್ಬರು ಹೇಳಿದ್ದಾರೆ. ಅದು ಫಾರಂ ತುಂಬಿದವರ ತಪ್ಪಲ್ಲ, ತನಿಖೆಯ ತಪ್ಪು. ಆದರೂ ವರದಿ ಬರೆಯುವುದನ್ನು ಕಲಿಸುವವರು ಮರೆಯಬಾರದ ಪ್ರಕರಣ. ‘ಕಿಟಕಿಗಾಜಿನಲ್ಲಿ ಸಣ್ಣ ಬಿರುಕುಗಳಿದ್ದವು, ನಾವು ಅಲ್ಲಿಗೆ ನೀರು ಹಾಯಿಸಿದ್ದೆವು’ ಎಂದು ಬರೆದಿಟ್ಟ ಸಾಲು ನಂಬಿಕೆ ಬದಲಾದ ಮೇಲೂ ಉಪಯೋಗಕ್ಕೆ ಬರುತ್ತದೆ. ‘ಪೆಟ್ರೋಲ್ ಬಳಸಿರುವ ಲಕ್ಷಣವಿತ್ತು’ ಎಂಬುದು ಬರುವುದಿಲ್ಲ.

ನಮ್ಮಲ್ಲಿ ಆ ಪೆಟ್ರೋಲಿನ ಜಾಗದಲ್ಲಿ ಶಾರ್ಟ್ ಸರ್ಕ್ಯೂಟ್ ಇದೆ. ಗೋದಾಮು ಸುಟ್ಟರೂ, ಬಟ್ಟೆ ಅಂಗಡಿ ಸುಟ್ಟರೂ, ಗುಜರಿ ರಾಶಿ ಸುಟ್ಟರೂ ಮರುದಿನ ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ’. ಶಂಕಿಸಿದವರು ಯಾರು, ಏನು ನೋಡಿ ಶಂಕಿಸಿದರು ಎಂಬುದಿರುವುದಿಲ್ಲ. ಸುಟ್ಟ ಕಟ್ಟಡದಲ್ಲಿ ತಾಮ್ರದ ತಂತಿ ತುದಿ ಕರಗಿ ಮಣಿಯಾಗಿದ್ದರೆ ಸಾಕ್ಷಿ ಸಿಕ್ಕಿತೆಂದುಕೊಳ್ಳುತ್ತಾರೆ. ತಾಮ್ರ ಕರಗಲು ಸುಮಾರು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಮಣಿ ಸಾಮಾನ್ಯವಾಗಿ ವಿದ್ಯುತ್ ಕಿಡಿಯಿಂದಲೇ ಆಗುತ್ತದೆ, ಅಷ್ಟು ನಿಜ. ಆದರೆ ಆ ಕಿಡಿ ಬೆಂಕಿಗೆ ಮೊದಲೋ ನಂತರವೋ? ಬೇರೆ ಯಾವುದರಿಂದಲೋ ಶುರುವಾದ ಬೆಂಕಿ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಡುತ್ತದೆ. ಕರೆಂಟು ಇನ್ನೂ ಹರಿಯುತ್ತಿದ್ದರೆ ಬೆತ್ತಲಾದ ತಂತಿಗಳು ತಾಕಿ ಶಾರ್ಟ್ ಆಗುತ್ತದೆ, ಅದೇ ಮಣಿ ಅಲ್ಲೂ ಮೂಡುತ್ತದೆ. ಮಣಿಯನ್ನು ಬರೀ ನೋಡಿ ಯಾವುದು ಮೊದಲು ಎಂದು ಹೇಳಲಾಗದು. ಕಾರ್ಮಿಕನ ಬೀಡಿ, ವೆಲ್ಡಿಂಗ್ ಕಿಡಿ, ಆರದ ಊದುಬತ್ತಿ ಎಲ್ಲಕ್ಕೂ ಶಾರ್ಟ್ ಸರ್ಕ್ಯೂಟ್ ತಲೆ ಕೊಡುತ್ತದೆ, ಅದರ ಪರ ವಾದಿಸುವವರು ಯಾರೂ ಇಲ್ಲವಲ್ಲ! ಬೆಂಕಿ ಅವಘಡಗಳ ಬಗ್ಗೆ ನಾವು ಉಲ್ಲೇಖಿಸುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು ಪೊಲೀಸರಿಂದ ಬರುವಂಥವು, ನೀರು ಹಾಯಿಸಿದವರಿಂದಲ್ಲ. ಅವುಗಳಲ್ಲೂ ಶಾರ್ಟ್ ಸರ್ಕ್ಯೂಟ್‌ಗೆ ಒಂದು ಸಾಲು ಇದೆ.

ಬೇರೇನೂ ಸಿಗಲಿಲ್ಲ, ಆದ್ದರಿಂದ ಇದೇ ಇರಬೇಕು ಎಂಬ ತರ್ಕಕ್ಕೆ ಅಮೆರಿಕದ ತನಿಖಾ ಮಾರ್ಗದರ್ಶಿ ಎನ್‌ಎಫ್‌ಪಿಎ 921 ತನ್ನ 2011ರ ಆವೃತ್ತಿಯಲ್ಲಿ ಬಾಗಿಲು ಮುಚ್ಚಿತು. ಉಳಿದ ಕಾರಣಗಳನ್ನು ತಳ್ಳಿಹಾಕಿದ ಮಾತ್ರಕ್ಕೆ ಸಾಕ್ಷಿಯಿಲ್ಲದ ಕಾರಣವೊಂದು ಸಾಬೀತಾಗುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಬೇಕು.

ಇಲ್ಲೇ ತರಬೇತುದಾರರ ಇಕ್ಕಟ್ಟು. ‘ಗೊತ್ತಾಗಲಿಲ್ಲ’ ಎನ್ನುವ ಚೌಕ ಪ್ರಾಮಾಣಿಕನಿಗೂ ಬೇಕು, ಮೈಗಳ್ಳನಿಗೂ ಬೇಕು. ಎನ್‌ಫರ್ಸ್‌ಗೆ ಬಂದ ವರದಿಗಳಲ್ಲಿ ಕಾರಣ ತಿಳಿಯದ ಬೆಂಕಿಗಳ ರಾಶಿ ದೊಡ್ಡದು, ವಿಶ್ಲೇಷಕರು ಬಹಳ ಕಾಲದಿಂದ ಇದರ ಬಗ್ಗೆ ಗೊಣಗುತ್ತಿದ್ದಾರೆ. ಹುಡುಕಿ ಸಿಗದೆ ಹಾಕಿದ್ದು ಯಾವುದು, ಹುಡುಕದೆ ಹಾಕಿದ್ದು ಯಾವುದು ಎಂದು ಕಂಪ್ಯೂಟರ್‌ಗೆ ಕಾಣುವುದಿಲ್ಲ, ಜೊತೆಯಲ್ಲಿದ್ದ ಕ್ಯಾಪ್ಟನ್‌ಗೆ ಕಾಣುತ್ತದೆ. ಆದ್ದರಿಂದ ವರದಿಯ ಗುಣಮಟ್ಟ ಕೊನೆಗೂ ನಿಲ್ಲುವುದು ಅದನ್ನು ಓದುವವರೊಬ್ಬರು ಠಾಣೆಯಲ್ಲೇ ಇದ್ದಾರೋ ಇಲ್ಲವೋ ಎಂಬುದರ ಮೇಲೆ. ಮರುದಿನ ಕರೆದು, ‘ಕಾರಣ ಗೊತ್ತಿಲ್ಲ ಎಂದಿದ್ದೀಯ, ಸರಿ. ಶುರುವಾದ ಜಾಗ 24, ಅಡುಗೆಮನೆ ಎಂದಿದ್ದೀಯ. ಒಲೆಯ ಗುಬ್ಬಿ ಆನ್ ಆಗಿತ್ತೋ ಆಫ್ ಆಗಿತ್ತೋ ನೋಡಿದೆಯಾ?’ ಎಂದು ಕೇಳುವ ಒಬ್ಬರು. ಹೀಗೆ ಎರಡು ಸಲ ಕೇಳಿಸಿಕೊಂಡವನು ಮೂರನೇ ಸಲ ಬೆಂಕಿ ಆರಿದ ಮೇಲೆ ತಾನಾಗಿ ಗುಬ್ಬಿಯನ್ನು ನೋಡುತ್ತಾನೆ, ಅವಶೇಷ ಎಳೆದು ಹಾಕುವ ಮೊದಲು ಒಂದು ಫೋಟೊ ತೆಗೆಯುತ್ತಾನೆ. ಕೇಂದ್ರ ಸರ್ಕಾರಕ್ಕಂತೂ ಠಾಣೆಗಳನ್ನು ಒತ್ತಾಯಿಸುವ ಅಧಿಕಾರವಿಲ್ಲ, ಆ ಮಟ್ಟದಲ್ಲಿ ವರದಿ ಸ್ವಯಂಪ್ರೇರಿತ. ಕೆಲವು ರಾಜ್ಯಗಳು ಕಡ್ಡಾಯ ಮಾಡಿವೆ, ಅನುದಾನ ಬೇಕಾದವರಿಗೆ ವರದಿಯ ಷರತ್ತು ಬೀಳುತ್ತದೆ. ದುಡ್ಡಿನ ಷರತ್ತಿಗೆ ಫಾರಂ ಬರುತ್ತದೆ, ಆದರೆ ಗುಬ್ಬಿ ನೋಡಿ ಬರೆದ ಫಾರಂ ಬರುತ್ತದೆ ಎನ್ನಲಾಗದು.

ಈಗ ಆ ಹಳೆಯ ವ್ಯವಸ್ಥೆಯೇ ಹೋಗುತ್ತಿದೆ. ‘ನೆರಿಸ್’ ಎಂಬ ಹೊಸದನ್ನು ಅಮೆರಿಕದ ಅಗ್ನಿಶಾಮಕ ಆಡಳಿತ ಸುರಕ್ಷತಾ ಪರೀಕ್ಷೆಗಳ ಸಂಸ್ಥೆಯಾದ ಯುಎಲ್‌ನ ಸಂಶೋಧನಾ ಘಟಕದ ಜೊತೆ ಸೇರಿ ಕಟ್ಟಿದೆ. 2026ರ ಆರಂಭದ ಹೊತ್ತಿಗೆ ಎಲ್ಲರೂ ಅದಕ್ಕೆ ಬದಲಾಗಬೇಕೆಂಬುದು ಯೋಜನೆಯಾಗಿತ್ತು. ಕರೆ ಬಂದ ಹೊತ್ತು, ವಾಹನ ಹೊರಟ ಹೊತ್ತು ಎಲ್ಲ ಕಂಟ್ರೋಲ್ ರೂಮಿನ ಕಂಪ್ಯೂಟರ್‌ನಿಂದಲೇ ಬಂದು ಕೂರಬಲ್ಲವು, ಹನ್ನೆರಡು ಗಂಟೆಯ ಗೊಂದಲ ಮುಗಿಯಿತು. ಮೂರಂಕಿಯ ಕೋಡ್‌ಗಳಿಲ್ಲ. ಒಂದೇ ಘಟನೆಗೆ ಒಂದಕ್ಕಿಂತ ಹೆಚ್ಚು ಬಗೆ ಕೊಡಬಹುದು, ಕಾರು ಡಿಕ್ಕಿ ಹೊಡೆದು ಹೊತ್ತಿಕೊಂಡರೆ ಅಪಘಾತವೋ ಬೆಂಕಿಯೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇನ್ನೊಂದು ಕಡೆ, 111 ಎಂದರೆ ಮನೆ ಎಂದು ಬೆರಳಿಗೇ ಗೊತ್ತಿದ್ದ ಹಳಬರು ಹೊಸಬರ ಜೊತೆ ಬೆಂಚಿನ ಮೇಲೆ ಕೂರಬೇಕಾಗಿದೆ. ವಿಶ್ಲೇಷಕರ ಚಿಂತೆ ಬೇರೆ: ಹಳೆಯ ಕೋಡ್‌ಗಳನ್ನು ಹೊಸ ಹೆಸರುಗಳಿಗೆ ಹೊಂದಿಸದಿದ್ದರೆ ಮುಂದಿನ ವರ್ಷ ಅಡುಗೆಯ ಬೆಂಕಿ ಏರಿದರೆ ಅದು ಬೆಂಕಿ ಏರಿದ್ದೋ, ಎಣಿಸುವ ಬಗೆ ಬದಲಾದದ್ದೋ ಎಂದು ಹೇಳಲು ಬಾರದು. ಯಾವ ಹಳೆಯ ಕೋಡ್ ಯಾವ ಹೊಸ ಸಾಲಿಗೆ ಹೋಗುತ್ತದೆ ಎಂಬ ಹೊಂದಾಣಿಕೆಯ ಪಟ್ಟಿಯೂ ಈಗ ಪಾಠದ ಭಾಗ. ಅದರಲ್ಲಿ 113ರ ಸಾಲನ್ನು ಎಚ್ಚರಿಕೆಯಿಂದ ಓದಬೇಕು, ಕಾಲು ಶತಮಾನದಲ್ಲಿ ಅದರೊಳಗೆ ಎಷ್ಟು ಕಪಾಟುಗಳು ಸೇರಿಕೊಂಡಿವೆಯೋ.